ಕಾರ್ವೆಟ್ ಹೆಡ್ ತಗೊಂಡೋಗಿದ್ದ ಮಷಿನ್ ಶಾಪ್: 16 ನಂಬರ್ ಬರ್ಕೊಟ್ಟ ಪುಣ್ಯಾತ್ಮ

ಮೊದ್ಲೇ ಹೇಳ್ಬಿಡ್ತೀನಿ, ಇದು ಕಾರಿನ ರಿವ್ಯೂ ಅಲ್ಲ, ಕಾರಿಂದ ಹೆಡ್ (ಇಂಜಿನ್ ಸಿಲಿಂಡರ್ ಮೇಲೆ ಮುಚ್ಚಳದಂಗೆ ಕೂರೋ, ವಾಲ್ವ್ ಎಲ್ಲ ಇರೋ ಭಾಗ) ಬಿಚ್ಕೊಂಡು ನಾನು ತಗೊಂಡೋದ ಮಷಿನ್ ಶಾಪಿಂದು, ಅಂದ್ರೆ ಇಂಜಿನ್ ಭಾಗ ಅಳೆದು ಕೊರೆದು ಸರಿ ಮಾಡೋ ಅಂಗಡೀದು. ಡೆಟ್ರಾಯ್ಟಿಂದ ಉತ್ತರಕ್ಕೆ ಹಳೇ ಶೆಡ್‌ಗಳ ಸಾಲಲ್ಲಿದೆ, ಬೋರ್ಡ್ ಬಣ್ಣ ಹೋಗಿ ಅರ್ಧ ಅಕ್ಷರ ಕಾಣಲ್ಲ, ಕೆಲಸ ಮಾಡೋರು ಇಬ್ರೇ, ಒಬ್ಬ ಅಜ್ಜ ಇನ್ನೊಬ್ಬ ಅವನ ಅಳಿಯ. ಹೆಸರು ಹಾಕಲ್ಲ, ಈಗ್ಲೇ ಅಲ್ಲಿ ಕ್ಯೂ ಉದ್ದ ಇದೆ, ಇನ್ನೂ ಜನ ಕಳಿಸಿದ್ರೆ ಮುಂದಿನ ಸಲ ನಂಗೇ ಜಾಗ ಸಿಗಲ್ಲ.

ಗಾಡಿ 2009ರ ಕಾರ್ವೆಟ್ ಝಡ್06, ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್, ಓಡಿರೋದು 41 ಸಾವಿರ ಮೈಲಿ. ಒಳಗಿರೋದು ಎಲ್‌ಎಸ್7, 7 ಲೀಟರ್ ವಿ8, 505 ಹಾರ್ಸ್‌ಪವರ್, ಇಲ್ಲೇ ಪಕ್ಕದ ವಿಕ್ಸಮ್‌ನಲ್ಲಿ ಕೈಯಲ್ಲಿ ಜೋಡಿಸಿದ ಇಂಜಿನ್. ಸಿಲಿಂಡರಿಗೆ ಎರಡೇ ವಾಲ್ವ್, ಹಳೇ ಕಾಲದ ಪುಶ್‌ರಾಡ್ ಡಿಸೈನ್, ಆದ್ರೂ 7000 ಆರ್‌ಪಿಎಂ ತನಕ ಎಳೀತದೆ. ಅದಕ್ಕೆ ಅಂತಾನೇ ಇನ್‌ಟೇಕ್ ವಾಲ್ವ್ (ಗಾಳಿ ಒಳಗೆ ಬಿಡೋದು) ಟೈಟಾನಿಯಂದು, ಅಗಲ 56 ಮಿಲಿಮೀಟರ್, ಆದ್ರೆ ಕೈಲಿ ಹಿಡಿದ್ರೆ ಪ್ಲಾಸ್ಟಿಕ್ಕಾ ಅನ್ಸತ್ತೆ. ಸುಟ್ಟ ಹೊಗೆ ಹೊರಗೆ ಬಿಡೋ ಎಕ್ಸಾಸ್ಟ್ ವಾಲ್ವ್ ಕತೆ ಬೇರೆ, ಅದರ ಕಾಂಡ ಟೊಳ್ಳು, ಒಳಗೆ ಸೋಡಿಯಂ ತುಂಬಿರ್ತಾರೆ. 98 ಡಿಗ್ರಿ ಹತ್ರ ಸೋಡಿಯಂ ಕರಗಿ ವಾಲ್ವ್ ಮೇಲೆ ಕೆಳಗೆ ಹೋದಂಗೆಲ್ಲ ಒಳಗೆ ತುಳುಕ್ತಾ ತಲೆಯ ಬಿಸೀನ ಕಾಂಡಕ್ಕೆ ತರತ್ತೆ, ಕಾಂಡದಿಂದ ಗೈಡಿಗೆ (ಕಾಂಡ ಜಾರೋ ಕೊಳವೆ), ಗೈಡಿಂದ ಹೆಡ್ಡಿಗೆ, ಅಲ್ಲಿಂದ ಕೂಲಂಟಿಗೆ.

ಈ ಸರಪಳೀಲಿ ಗೈಡ್ ಸವೆದ್ರೆ ಮುಗೀತು. ಬಿಸಿ ಇಳಿಯಲ್ಲ, ವಾಲ್ವ್ ಮುಚ್ಚಿದಾಗ ಸೀಟಿನ (ಅದು ಕೂರೋ ಉಂಗುರ) ಮೇಲೆ ನೆಟ್ಟಗೆ ಕೂರಲ್ಲ, ಒಂದು ಅಂಚು ಮೊದ್ಲು ಬಡಿಯತ್ತೆ, ಪ್ರತಿ ಸಲ ಒಂಚೂರು ಬಗ್ಗತ್ತೆ, ನಿಮಿಷಕ್ಕೆ ಮೂರು ಸಾವಿರ ಸಲ ಬಗ್ಗೋ ಲೋಹ ಎಷ್ಟು ದಿನ ತಡೀತದೆ, ಒಂದಿನ ತಲೆ ಮುರಿದು ಪಿಸ್ಟನ್ ಮೇಲೆ ಬೀಳತ್ತೆ, ಆಮೇಲೆ ಬ್ಲಾಕೂ ಇಲ್ಲ ಹೆಡ್ಡೂ ಇಲ್ಲ. 2006ರಿಂದ 2013ರ ತನಕದ ಝಡ್06 ಇಟ್ಕೊಂಡೋರು ಇಬ್ರು ಸೇರಿದ್ರೆ ಐದನೇ ನಿಮಿಷಕ್ಕೆ ಮಾತು ಇಲ್ಲಿಗೇ ಬರೋದು. ಯಾಕೆ ಸವೆಯತ್ತೆ ಅಂತ ಕೇಳಿದ್ರೆ ಮಾತ್ರ ಬಾಯಿಗೊಂದು ಉತ್ತರ, ಗೈಡೂ ಸೀಟೂ ಒಂದೇ ಸೆಂಟರಲ್ಲಿ ಇಲ್ಲದಂಗೆ ಮಷಿನ್ ಆದ ಹೆಡ್ಡು ಅಂತ ಒಬ್ರು, 1.8 ರೇಶಿಯೋ ರಾಕರ್ (ವಾಲ್ವ್ ಒತ್ತಿ ತೆರೆಯೋ ತೋಳು) ಕಾಂಡನ ಪಕ್ಕಕ್ಕೆ ತಳ್ಳತ್ತೆ ಅಂತ ಇನ್ನೊಬ್ರು, ಗೈಡಿನ ಮೆಟೀರಿಯಲ್ಲೇ ಸರಿ ಇಲ್ಲ ಅಂತ ಮತ್ತೊಬ್ರು.

ನನ್ನ ಗಾಡೀಲಿ ಟಿಕ್ ಟಿಕ್ ಸದ್ದಿಲ್ಲ, ಬೆಳಿಗ್ಗೆ ಸ್ಟಾರ್ಟ್ ಮಾಡಿದ್ರೆ ನೀಲಿ ಹೊಗೆ ಇಲ್ಲ, ಆಯಿಲೂ ಕುಡೀತಿರ್ಲಿಲ್ಲ. ಇದ್ದಿದ್ದು ಬರೀ ಭಯ. ಆ ಭಯದಲ್ಲೇ ಮೊದ್ಲು ಒಂದು ದೊಡ್ಡ ಗ್ಯಾರೇಜಿಗೆ ಹೋದೆ, ಕಾಫಿ ಮಷಿನ್, ಸೋಫಾ, ಟಿವಿ ಎಲ್ಲ ಇರೋ ಜಾಗ. ವಾಲ್ವ್ ಕವರ್ ಬಿಚ್ಚಿ, ಸ್ಪ್ರಿಂಗ್ ತೆಗೆದು, ವಾಲ್ವ್ ಕಾಂಡನ ಆ ಕಡೆ ಈ ಕಡೆ ಅಲ್ಲಾಡ್ಸಿ ಡಯಲ್ ಇಂಡಿಕೇಟರ್ ನೋಡಿದ್ರು, ವಿಗಲ್ ಟೆಸ್ಟ್ ಅಂತಾರಲ್ಲ ಅದು. ಒಂದೇ ಗಂಟೇಲಿ ತೀರ್ಪು ಬಂತು, ಎಲ್ಲಾ ಹೋಗಿದೆ ಸರ್, ಹೊಸ ಹೆಡ್ ಸೆಟ್, 6200 ಡಾಲರ್. ಎಷ್ಟು ಸವೆದಿದೆ ನಂಬರ್ ಕೊಡಿ ಅಂದ್ರೆ ಅಲ್ಲಾಡ್ತಿದೆ ಅಲ್ವಾ ಅಂತಾರೆ. ಕಾಂಡಕ್ಕೂ ಗೈಡಿಗೂ ಮಧ್ಯೆ ಸಂದು ಇರ್ಲೇಬೇಕು ಮಾರಾಯ, ಇಲ್ದಿದ್ರೆ ಜಾಮ್ ಆಗತ್ತೆ, ಮೇಲೆ ವಾಲ್ವ್ ಎಷ್ಟು ತೆರೆದಿಟ್ಟು ಅಲ್ಲಾಡಿಸ್ತೀವೋ ಅದ್ರ ಮೇಲೆ ಡಯಲ್ ಕೂಡ ಬದಲಾಗತ್ತೆ. ದುಡ್ಡು ಜಾಸ್ತಿ ಅಂದ್ರೆ ಹಳೇ ವಾಲ್ವನ್ನೇ ಪೇಸ್ಟ್ ಹಚ್ಚಿ ಲ್ಯಾಪ್ ಮಾಡಿ ಕೊಡ್ತೀವಿ ಅಂದ್ರು ನೋಡಿ, ಅಲ್ಲಿಗೆ ನನ್ನ ನಂಬಿಕೆ ಪೂರ್ತಿ ಹೋಯ್ತು. ನಮ್ಮಪ್ಪನ ಬುಲೆಟ್ಟಿಗೆ ಮೈಸೂರಲ್ಲಿ ಕೋಲಿಗೆ ರಬ್ಬರ್ ಬುರುಡೆ ಸಿಕ್ಕಿಸ್ಕೊಂಡು ಅಂಗೈಲಿ ಉಜ್ಜಿ ಲ್ಯಾಪ್ ಮಾಡೋದು ನೋಡಿ ಬೆಳೆದೋನು ನಾನು, ಆದ್ರೆ ಇದು ಟೈಟಾನಿಯಂ, ಮೇಲೆ ಕೋಟಿಂಗ್ ಇರತ್ತೆ, ಅದನ್ನ ಉಜ್ಜಿ ತೆಗೆದ್ರೆ ವಾಲ್ವ್ ಕಸದ ಬುಟ್ಟಿಗೇ. ಟೆಸ್ಟಿನ ದುಡ್ಡು ಕೊಟ್ಟು ಎದ್ದು ಬಂದೆ.

ಚಳಿಗಾಲ ಹೆಂಗೂ ಗಾಡಿ ಹೊರಗೆ ತೆಗಿಯಲ್ಲ, ಹಾಸನದ ಗೆಳೆಯ ಒಬ್ಬ ಇದಾನೆ, ಇಬ್ರೂ ಸೇರ್ಕೊಂಡು ಎರಡು ವೀಕೆಂಡಲ್ಲಿ ಮನೆ ಗರಾಜಲ್ಲೇ ಹೆಡ್ ಇಳಿಸಿದ್ವಿ. ಯಾವ ರಾಕರ್ ಯಾವ ಪುಶ್‌ರಾಡ್ ಎಲ್ಲಿಂದ ಬಂತು ಅನ್ನೋದು ಮಿಕ್ಸ್ ಆಗಬಾರ್ದು, ಅದಕ್ಕೆ ಅವನು ಅಡಿಗೆಮನೆಯಿಂದ ಇಡ್ಲಿ ಸ್ಟ್ಯಾಂಡ್ ಎತ್ಕೊಂಡ್ ಬಂದ. ನಾಲ್ಕು ತಟ್ಟೆ, ತಟ್ಟೆಗೆ ನಾಲ್ಕು ಗುಳಿ, 16 ರಾಕರಿಗೆ 16 ಗುಳಿ, ಮೇಲಿನ ಎರಡು ತಟ್ಟೆ ಇಂಜಿನ್ನಿನ ಎಡಗಡೆ ಸಿಲಿಂಡರ್ ಸಾಲಿಗೆ ಕೆಳಗಿನ ಎರಡು ಬಲಗಡೆಗೆ. ಹೆಂಡ್ತಿ ಏನಂದ್ಲು ಅನ್ನೋದು ಇಲ್ಲಿ ಬರೆಯೋಂಗಿಲ್ಲ.

ಹೆಡ್ ಎರಡೂ ಬೆಡ್‌ಶೀಟಲ್ಲಿ ಸುತ್ಕೊಂಡು ಅಜ್ಜನ ಹತ್ರ ಹೋದೆ. ಅಜ್ಜ ಹೊರಗಿಂದ ನೋಡಿ ಒಂದೂ ಮಾತಾಡ್ಲಿಲ್ಲ, ಮೊದ್ಲು ಅಳೀತೀನಿ ಆಮೇಲೆ ಹೇಳ್ತೀನಿ ಅಷ್ಟೇ. ಒಂದೊಂದು ಗೈಡನ್ನೂ ಮೇಲೆ, ಮಧ್ಯ, ಕೆಳಗೆ ಮೂರು ಕಡೆ ಬೋರ್ ಗೇಜಲ್ಲಿ ಅಳೆದ, ಕಾಂಡನ ಮೈಕ್ರೋಮೀಟರಲ್ಲಿ ಅಳೆದ. ಯಾಕೆ ಮೂರು ಕಡೆ ಅಂದೆ, ಗೈಡ್ ಸಮನಾಗಿ ಸವೆಯಲ್ಲ, ಎರಡೂ ತುದೀಲಿ ಗಂಟೆ ಬಾಯಿ ತರ ಅಗಲ ಆಗತ್ತೆ, ಮಧ್ಯ ಹಂಗೇ ಇರತ್ತೆ ಅಂದ. ವಾರ ಬಿಟ್ಟು ಒಂದು ಶೀಟ್ ಕೊಟ್ಟ, 16 ಸಾಲು, ಪ್ರತಿ ವಾಲ್ವಿಗೆ ಒಂದು ಕ್ಲಿಯರೆನ್ಸ್, ಅಂದ್ರೆ ಕಾಂಡಕ್ಕೂ ಗೈಡಿಗೂ ಮಧ್ಯದ ಆ ಸಂದು. ಕಂಪನಿ ಸರ್ವಿಸ್ ಲಿಮಿಟ್ 0.0037 ಇಂಚು, ಹೆಚ್ಚುಕಮ್ಮಿ ಒಂದು ತಲೆಕೂದಲು. ನನ್ನ ಇನ್‌ಟೇಕ್ ಎಂಟೂ ಹೊಸದರ ತರ, ಎಕ್ಸಾಸ್ಟಲ್ಲಿ ಅತಿ ಜಾಸ್ತಿ ಇದ್ದಿದ್ದು 0.0031. ಅಂದ್ರೆ ಒಂದೂ ಲಿಮಿಟ್ ದಾಟಿಲ್ಲ! 6200 ಡಾಲರಿಗೆ ಹೊಸ ಹೆಡ್ ಹಾಕಬೇಕಿತ್ತಂತೆ.

ಹಂಗೇ ವಾಪಸ್ ಜೋಡ್ಸು, ಇನ್ನೂ ಓಡತ್ತೆ ಅಂತ ಅಜ್ಜನೇ ಹೇಳ್ದ, ದುಡ್ಡು ಬಿಡೋಕೆ ತಾನೇ ಹೇಳಿದ ಅಂಗಡಿಯವನನ್ನ ನಾನು ಈ ದೇಶದಲ್ಲಿ ಇದೇ ಮೊದ್ಲು ನೋಡಿದ್ದು. ಎರಡು ದಿನ ಯೋಚ್ನೆ ಮಾಡ್ದೆ. ಹೆಡ್ ಬೋಲ್ಟ್ ಒಂದೇ ಸಲ ಬಳಸೋ ಸ್ಟ್ರೆಚ್ ಬೋಲ್ಟ್, ಗ್ಯಾಸ್ಕೆಟ್ಟೂ ಹೊಸದೇ ಬೇಕು, ಇಷ್ಟೆಲ್ಲ ಖರ್ಚಾಗಿದೆ, ವರ್ಷಕ್ಕೆ ಎರಡು ಸಲ ಜಿಂಜರ್‌ಮನ್ ಟ್ರ್ಯಾಕಿಗೆ ಬೇರೆ ಹೋಗ್ತೀನಿ, ಸರಿ ಎಕ್ಸಾಸ್ಟ್ ಎಂಟು ಗೈಡ್ ಮಾತ್ರ ಬ್ರಾಂಜ್ ಹಾಕ್ಬಿಡು ಅಂದೆ. ಗೈಡ್ ಬದಲಾದ್ರೆ ಸೀಟ್ ಮತ್ತೆ ಕಟ್ ಮಾಡ್ಲೇಬೇಕು, ಹೊಸ ಗೈಡನ್ನ ಸೆಂಟರ್ ಇಟ್ಕೊಂಡು, ಯಾರಾದ್ರೂ ಬರೀ ಗೈಡ್ ತಟ್ಟಿ ಕೊಡ್ತೀವಿ ಅಂದ್ರೆ ಅಲ್ಲಿಂದ ಓಡಿ. ಎಕ್ಸಾಸ್ಟ್ ವಾಲ್ವ್ ಹೊಸದು ಹಾಕ್ಸಿದೆ, ಸೋಡಿಯಂದೇ. ಟೊಳ್ಳಿಲ್ಲದ ಸ್ಟೇನ್‌ಲೆಸ್ ವಾಲ್ವ್ ಹಾಕೋರು ಬೇಕಾದಷ್ಟು ಜನ ಇದಾರೆ, ತಪ್ಪು ಅನ್ನಲ್ಲ, ಆದ್ರೆ ಅದು ಭಾರ, 7000 ಆರ್‌ಪಿಎಂಗೆ ಗಟ್ಟಿ ಸ್ಪ್ರಿಂಗ್ ಕೇಳತ್ತೆ, ನಂಗೆ ಬೇಡ ಅನ್ಸ್ತು. ಸ್ಪ್ರಿಂಗ್ ಹೊಸದು, ಟೈಟಾನಿಯಂ ಇನ್‌ಟೇಕ್ ಹಳೇದೇ, ಬರೀ ತೊಳೆದು ವಾಪಸ್.

ಬೈಯೋಕೂ ಇದೆ. ಮೂರು ವಾರ ಅಂದೋನು ಏಳು ವಾರ ಮಾಡ್ದ. ಫೋನ್ ಎತ್ತಲ್ಲ, ಎತ್ತಿದ್ರೆ ಅಳಿಯ ಎತ್ತಿ ಮಾವ ಊಟಕ್ಕೆ ಹೋಗಿದಾರೆ ಅಂತಾನೆ, ಬೆಳಿಗ್ಗೆ ಒಂಬತ್ತಕ್ಕೂ ಅದೇ ಊಟ. ಕಾರ್ಡ್ ತಗೊಳಲ್ಲ, ಚೆಕ್ ಅಥವಾ ಕ್ಯಾಶ್. ಅಜ್ಜನ ಕೈಬರಹದಲ್ಲಿ 1 ಯಾವ್ದು 7 ಯಾವ್ದು ದೇವ್ರೇ ಗತಿ, 0.0021 ಅಂತ ಓದಿ ಖುಷಿ ಪಟ್ಟಿದ್ದು 0.0027 ಅಂತೆ, ಪೂರ್ತಿ ಶೀಟ್ ಅವನ ಎದುರಿಗೇ ಕೂತು ಮತ್ತೆ ಬರ್ಕೊಂಡೆ, ನೀವೂ ಹೋದ್ರೆ ಹಂಗೇ ಮಾಡಿ. ಆದ್ರೆ ಪ್ಯಾಕಿಂಗ್ ಚೆನ್ನಾಗಿತ್ತು, ಪೋರ್ಟಿಗೆಲ್ಲ ಟೇಪ್ ಹಾಕಿ, ಒಳಗೆ ಒಂದು ಅಲ್ಯೂಮಿನಿಯಂ ಚೂರಿಲ್ಲ, ಹಳೇ ಎಂಟು ಗೈಡೂ ನಂಬರ್ ಬರೆದು ಕವರಲ್ಲಿ ಕೊಟ್ಟ.

ಬಿಲ್ ಮಷಿನ್ ಶಾಪಿಗೆ 1150, ವಾಲ್ವ್ ಸ್ಪ್ರಿಂಗ್ ಗ್ಯಾಸ್ಕೆಟ್ ಬೋಲ್ಟ್ ಎಲ್ಲ ಸೇರಿ ಇನ್ನೊಂದು 1300 ಚಿಲ್ರೆ, ಲೇಬರ್ ನಮ್ದೇ, ಗೆಳೆಯನಿಗೆ ಬಿಸಿಬೇಳೆ ಬಾತು. ಲಿಮಿಟ್ ಒಳಗೇ ಇದ್ದಿದ್ದಕ್ಕೆ ಇಷ್ಟು ಸುರಿದ್ಯಾ ಅಂತ ಕೇಳೋರು ಕೇಳ್ತಾರೆ, ಹೌದು ಸುರಿದೆ, ಆದ್ರೆ ಮೂರನೇ ಗೇರಲ್ಲಿ 6500 ಮುಟ್ಟಿದಾಗ ಮೊದ್ಲು ನಾನು ಸದ್ದು ಕೇಳ್ತಾ ಕಾಲು ತೆಗೀತಿದ್ದೆ, ಈಗ ತೆಗಿಯಲ್ಲ. ಟ್ರ್ಯಾಕಿಗೆ ಹೋಗದೆ ಭಾನುವಾರ ಕಾಫಿಗೆ ಮಾತ್ರ ಓಡಿಸೋರಾದ್ರೆ ನನ್ನ ತರದ ನಂಬರ್ ಬಂದ್ರೆ ಅಜ್ಜ ಹೇಳ್ದಂಗೆ ಹಂಗೇ ಜೋಡ್ಸಿ.

5ಕ್ಕೆ ನಾಲ್ಕೂವರೆ. ಅರ್ಧ ಕಟ್ ಮಾಡಿದ್ದು ಆ ಫೋನಿಗೆ. ಇಡ್ಲಿ ಸ್ಟ್ಯಾಂಡ್ ಇನ್ನೂ ಗರಾಜಲ್ಲೇ ಇದೆ, ಎಷ್ಟು ತಿಕ್ಕಿದ್ರೂ ಇಂಜಿನ್ ಆಯಿಲ್ ವಾಸ್ನೆ ಹೋಗ್ತಿಲ್ಲ, ಹೊಸದಕ್ಕೆ ಆದ 34 ಡಾಲರ್ ಮೇಲಿನ ಬಿಲ್ಲಿಗೆ ಸೇರಿಸ್ಕೊಳಿ.