ವಿಎಸ್ ಕೋಡ್: ಸೆಟ್ಟಿಂಗ್ಸ್ ತಿದ್ದಿಕೊಂಡರೆ ಮಾತ್ರ ಪೂರ್ತಿ ಉಪಯೋಗ

ದಾವಣಗೆರೆಯ ಯುಬಿಡಿಟಿ, ಬಿಐಇಟಿಯಂಥ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿ, ಪೈಥಾನ್ ಪ್ರೋಗ್ರಾಮಿಂಗ್ ಲ್ಯಾಬ್‌ಗೆ ತಯಾರಾಗುವವರು ಕೋಡ್ ಬರೆಯಲು ಯಾವ ಎಡಿಟರ್ ಹಾಕಿಕೊಳ್ಳಬೇಕು ಎಂದು ಕೇಳಿದರೆ ನಮ್ಮ ಉತ್ತರ ಮೈಕ್ರೋಸಾಫ್ಟಿನ ವಿಎಸ್ ಕೋಡ್. ದುಡ್ಡು ಕೊಡಬೇಕಿಲ್ಲ. ಆದರೆ ಇನ್‌ಸ್ಟಾಲ್ ಮಾಡಿದ ಹಾಗೇ ಬಳಸಿದರೆ ಇದರ ಅರ್ಧ ಉಪಯೋಗವೂ ಸಿಗದು.

ಸಿ ಕೋಡನ್ನು ಓಡಬಲ್ಲ ಪ್ರೋಗ್ರಾಂ ಆಗಿಸುವ ಕಂಪೈಲರ್ ಇದರೊಳಗೆ ಇರುವುದಿಲ್ಲ. ವಿಂಡೋಸ್‌ನಲ್ಲಾದರೆ ಮಿನ್‌ಜಿಡಬ್ಲ್ಯೂ ಎಂಬ ಕಂಪೈಲರ್ ಹಾಕಿ, ಅದರ ಬಿನ್ ಫೋಲ್ಡರನ್ನು ಪಾತ್‌ಗೆ (ವಿಂಡೋಸ್ ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರುಗಳ ಪಟ್ಟಿಗೆ) ಸೇರಿಸಬೇಕು. ಮುಂದಿನ ತೊಡಕು ಬಳಕೆದಾರರು ಟೈಪ್ ಮಾಡಿದ್ದನ್ನು ಓದಿಕೊಳ್ಳುವ ಸಿ ಆಜ್ಞೆ ಸ್ಕ್ಯಾನ್ಎಫ್. ಕೋಡ್ ಓಡಿಸಲು ಹಾಕಿಕೊಳ್ಳುವ ಕೋಡ್ ರನ್ನರ್ ಎಕ್ಸ್‌ಟೆನ್ಷನ್ನಿನಲ್ಲಿ (ಎಡಿಟರಿಗೆ ಸೇರಿಸುವ ಹೆಚ್ಚುವರಿ ತುಣುಕು) ರನ್ ಒತ್ತಿದರೆ ಪ್ರೋಗ್ರಾಂ ಔಟ್‌ಪುಟ್ ಪ್ಯಾನೆಲ್ಲಿನಲ್ಲಿ ಓಡುತ್ತದೆ. ಅಲ್ಲಿ ಟೈಪ್ ಮಾಡಲು ಬರುವುದಿಲ್ಲ, ಹಾಗಾಗಿ ಪ್ರೋಗ್ರಾಂ ಹ್ಯಾಂಗ್ ಆದಂತೆ ಕಾಣುತ್ತದೆ. ಕಂಟ್ರೋಲ್ ಜೊತೆ ಕಾಮಾ ಒತ್ತಿ ಸೆಟ್ಟಿಂಗ್ಸ್ ತೆರೆಯಿರಿ, 'ರನ್ ಇನ್ ಟರ್ಮಿನಲ್' ಹುಡುಕಿ ಟಿಕ್ ಹಾಕಿ. 'ಸೇವ್ ಫೈಲ್ ಬಿಫೋರ್ ರನ್'ಗೂ ಟಿಕ್ ಬೇಕೇ ಬೇಕು. ಇಲ್ಲದಿದ್ದರೆ ಸೇವ್ ಆಗದ ತಿದ್ದುಪಡಿ ಬಿಟ್ಟು ಡಿಸ್ಕಿನಲ್ಲಿರುವ ಹಳೆಯ ಕೋಡೇ ಓಡುತ್ತದೆ, ಸರಿಪಡಿಸಿದ ಎರರ್ ಮತ್ತೆ ಬರುತ್ತದೆ.

ಪೈಥಾನ್‌ನಲ್ಲಿ ಸಾಲಿನ ಮೊದಲಿಗೆ ಬಿಡುವ ಜಾಗಕ್ಕೆ (ಇಂಡೆಂಟೇಶನ್) 'ಟ್ಯಾಬ್ ಸೈಜ್' 4 ಎಂದು ಕೊಟ್ಟರೂ ಕೆಲವು ಫೈಲುಗಳಲ್ಲಿ ನಡೆಯುವುದಿಲ್ಲ. 'ಡಿಟೆಕ್ಟ್ ಇಂಡೆಂಟೇಶನ್' ಆನ್ ಇರುವುದರಿಂದ ಎಡಿಟರ್ ಫೈಲು ನೋಡಿ ತಾನೇ ತೀರ್ಮಾನಿಸುತ್ತದೆ. ಅದನ್ನು ಆಫ್ ಮಾಡಿ. ಟ್ಯಾಬ್, ಸ್ಪೇಸ್ ಬೆರೆತ ಹಳೆಯ ಫೈಲಿಗೆ ಕಮಾಂಡ್ ಪ್ಯಾಲೆಟ್‌ನಲ್ಲಿ (ಎಡಿಟರಿನ ಆಜ್ಞೆಗಳನ್ನು ಹುಡುಕಿ ಕೊಡುವ ಪಟ್ಟಿ) 'ಕನ್ವರ್ಟ್ ಇಂಡೆಂಟೇಶನ್ ಟು ಸ್ಪೇಸಸ್' ಕೊಡಿ.

ಕನ್ನಡದಲ್ಲಿ ವೆಬ್ ಪುಟ ಮಾಡುವವರು ಇಲ್ಲಿ ಸ್ವಲ್ಪ ಹೆಚ್ಚು ಗಮನ ಕೊಡಬೇಕು. ಸಾಲಿನ ಎತ್ತರ ಕಡಿಮೆಯಾದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, 'ಲೈನ್ ಹೈಟ್' 1.8 ಇಟ್ಟರೆ ಓದಲು ಹಾಯಾಗಿರುತ್ತದೆ. 'ಫಾಂಟ್ ಫ್ಯಾಮಿಲಿ'ಯಲ್ಲಿ ಕನ್ಸೋಲಾಸ್ ಮೊದಲು, ಕಾಮಾ ಹಾಕಿ ನಿರ್ಮಲಾ ಯುಐ ಆಮೇಲೆ. ಸಾಫ್ಟ್‌ವೇರ್ ಎಂದು ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಝೀರೋ ವಿಡ್ತ್ ನಾನ್ ಜಾಯ್ನರ್ (ಅಕ್ಷರಗಳು ಒತ್ತಾಗಿ ಕೂಡದಂತೆ ತಡೆಯುವ ಚಿಹ್ನೆ) ಇರುತ್ತದೆ. ಎಚ್‌ಟಿಎಂಎಲ್ ಫೈಲಿನಲ್ಲಿ ಎಡಿಟರ್ ಅದನ್ನು ಅನುಮಾನದ ಅಕ್ಷರವೆಂದು ಗುರುತು ಮಾಡಿ ತೋರಿಸುತ್ತದೆ. ಕೋಡಿನಲ್ಲಿ ಅಡಗಿಸಿಟ್ಟ ಅಕ್ಷರಗಳಿಂದ ಮೋಸವಾಗಬಾರದು ಎಂಬ ಈ ಕಾವಲು ಒಳ್ಳೆಯದೇ, ಪೂರ್ತಿ ತೆಗೆಯಬೇಡಿ. ಗುರುತಿನ ಮೇಲೆ ಮೌಸ್ ಇಟ್ಟು 'ಅಡ್ಜಸ್ಟ್ ಸೆಟ್ಟಿಂಗ್ಸ್' ಒತ್ತಿ, ಆ ಒಂದು ಅಕ್ಷರಕ್ಕೆ ಮಾತ್ರ ವಿನಾಯಿತಿ ಕೊಡಿ.

ಬದಲಿಸಿದ್ದು ಜಾರಿಗೆ ಬರದಿದ್ದರೆ 'ವರ್ಕ್‌ಸ್ಪೇಸ್' ಟ್ಯಾಬ್ ನೋಡಿ. 'ಯೂಸರ್' ಸೆಟ್ಟಿಂಗ್‌ಗಿಂತ ಅಲ್ಲಿರುವುದೇ ಮೇಲು. ಹುಡುಕುವ ಜಾಗದಲ್ಲಿ @ ಚಿಹ್ನೆ ಜೊತೆಗೆ ಮಾಡಿಫೈಡ್ ಎಂದು ಇಂಗ್ಲಿಷಿನಲ್ಲಿ ಟೈಪಿಸಿದರೆ ಬದಲಿಸಿದವಷ್ಟೂ ಒಟ್ಟಿಗೆ ಸಿಗುತ್ತವೆ. ಲ್ಯಾಬಿನ ಹಂಚಿಕೆಯ ಕಂಪ್ಯೂಟರಿನಲ್ಲಿ ಸೆಟ್ಟಿಂಗ್ಸ್ ಸಿಂಕ್ (ನಿಮ್ಮ ಖಾತೆಯ ಮೂಲಕ ಸೆಟ್ಟಿಂಗ್ಸ್ ಬೇರೆ ಕಂಪ್ಯೂಟರಿಗೂ ತರುವ ಸೌಲಭ್ಯ) ಬಳಸಿದವರು ಏಳುವ ಮೊದಲು ಸೈನ್ ಔಟ್ ಆಗಲೇಬೇಕು.

ಎಡಿಟರಿನ ಬದಿಯಲ್ಲಿ ಇಡೀ ಕೋಡನ್ನು ಪುಟ್ಟದಾಗಿ ತೋರಿಸುವ ಮಿನಿಮ್ಯಾಪ್ ತೆಗೆದರೆ ಉಳಿತಾಯವಾಗುವುದು ಮುಖ್ಯವಾಗಿ ಪರದೆಯ ಜಾಗ. ಮೆಮೊರಿಗೆ ಭಾರವಾಗುವುದು ಬೇಡದ ಎಕ್ಸ್‌ಟೆನ್ಷನ್‌ಗಳು. ಅವನ್ನು ತೆಗೆದ ಮೇಲೂ 4 ಜಿಬಿ ರ್‍ಯಾಮಿನ ಲ್ಯಾಪ್‌ಟಾಪ್ ಏದುಸಿರು ಬಿಡುತ್ತಿದ್ದು, ಬೇಕಿರುವುದು ಸಿ ಲ್ಯಾಬ್ ಅಷ್ಟೇ ಆದರೆ, ಜೀನಿ ಎಡಿಟರ್ ಹಾಕಿಕೊಳ್ಳಿ.