ಮೀನಿನ ಟ್ಯಾಂಕ್ ಎಷ್ಟು ಕರೆಂಟ್ ತಿನ್ನುತ್ತದೆ? ನಾಲ್ಕು ರೀತಿ ಅಳೆದು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ. ಟ್ಯಾಂಕಿನ ಕರೆಂಟ್ ಖರ್ಚು ತಿಳಿಯೋಕೆ ನಾನು ನಾಲ್ಕು ದಾರಿ ಹಿಡಿದೆ. ಅದರಲ್ಲಿ ನನಗೆ ಹಿಡಿಸಿದ್ದು 850 ರೂಪಾಯಿ ಕೊಟ್ಟು ತಂದ ಸಾದಾ ವ್ಯಾಟ್ ಮೀಟರ್. ಸಾಕೆಟ್‌ಗೆ ಸಿಗಿಸುವ, ಸಣ್ಣ ಪರದೆ ಇರುವ ಡಬ್ಬಿ ಅದು. ಅದಕ್ಕೂ ಮುಂಚೆ ಕೊಂಡಿದ್ದ ಸ್ಮಾರ್ಟ್ ಪ್ಲಗ್ ಮೀನುಗಳ ಜೀವಕ್ಕೇ ಸಂಚಕಾರ ತಂದಿತ್ತು.

ನಮ್ಮದು ರಾಯಚೂರು. ಪಡಸಾಲೆಯಲ್ಲಿ ಮೂರಡಿ ಟ್ಯಾಂಕ್ ಇದೆ, ನೂರು ಲೀಟರ್ ನೀರು ಹಿಡಿಯುತ್ತದೆ. ಗಪ್ಪಿ ಮತ್ತು ಮೋಲಿ ಸಾಕಿದ್ದೇನೆ. ನಮ್ಮ ಬೋರ್ ನೀರು ಗಡಸು, ಈ ಎರಡಕ್ಕೂ ಅದು ಚೆನ್ನಾಗಿ ಒಗ್ಗುತ್ತದೆ. ಟ್ಯಾಂಕ್ ಇಟ್ಟಿದ್ದು ನವೆಂಬರ್‌ನಲ್ಲಿ. ಡಿಸೆಂಬರ್ ಚಳಿ ಬಂತು ಅಂತ 100 ವ್ಯಾಟಿನ ಹೀಟರ್ ಹಾಕಿದೆ. ಗೀಸರ್ ಎಲ್ಲಾ ಸೇರಿ ಚಳಿಗಾಲದಲ್ಲಿ ನಮಗೆ ಬರುತ್ತಿದ್ದುದು 175 ಯೂನಿಟ್ ಆಸುಪಾಸು. ಜನವರಿ ಬಿಲ್ಲಿನಲ್ಲಿ 210 ಬಂತು.

ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಇರುವ ಮನೆಯವರಿಗೆ ಇದರ ಬಿಸಿ ಗೊತ್ತು. 200 ಯೂನಿಟ್ ದಾಟಿದರೆ ದಾಟಿದ ಹತ್ತಕ್ಕೆ ಮಾತ್ರ ದುಡ್ಡಲ್ಲ, ಇಡೀ 210ಕ್ಕೂ ಕಟ್ಟಬೇಕು. ನಿಗದಿತ ಶುಲ್ಕ, ತೆರಿಗೆ ಎಲ್ಲಾ ಸೇರಿ 1,700 ರೂಪಾಯಿ ಹತ್ತಿರ ಆಯಿತು. ಅವ್ವ ಬಿಲ್ ಹಿಡಿದು ಟ್ಯಾಂಕಿನ ಮುಂದೆಯೇ ನಿಂತಳು. "ಈ ಮೀನಿನ ಡಬ್ಬಿನೇ ಕರೆಂಟ್ ತಿಂತದ ನೋಡು" ಅಂದಳು. ಹೌದೋ ಅಲ್ಲವೋ ಹೇಳೋಕೆ ನನ್ನ ಹತ್ತಿರ ಲೆಕ್ಕವೇ ಇರಲಿಲ್ಲ.

ಎಲ್ಲರೂ ಮೊದಲು ಮಾಡುವುದು ಲೇಬಲ್ ಲೆಕ್ಕ, ನಾನೂ ಅದನ್ನೇ ಮಾಡಿದೆ. ವ್ಯಾಟ್ ಅನ್ನು ಗಂಟೆಯಿಂದ ಗುಣಿಸಿ 1000ದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. ಫಿಲ್ಟರ್ 15 ವ್ಯಾಟ್, ಏರ್ ಪಂಪ್ 5, ಇವೆರಡೂ ಹಗಲು ರಾತ್ರಿ ಓಡುತ್ತವೆ. ಲೈಟ್ 18 ವ್ಯಾಟ್, ದಿನಕ್ಕೆ ಒಂಬತ್ತು ಗಂಟೆ. ಮೂರೂ ಸೇರಿ ತಿಂಗಳಿಗೆ 19 ಯೂನಿಟ್. ಹೀಟರ್ 100 ವ್ಯಾಟ್ ಅಂತ ಸೇರಿಸಿದರೆ ಅದೊಂದೇ 72. ಒಟ್ಟು 91! ಆದರೆ ಬಿಲ್ಲಿನಲ್ಲಿ ಜಾಸ್ತಿ ಬಂದಿದ್ದು ಬರೀ 35 ಯೂನಿಟ್. ಹೀಟರ್ ದಿನವಿಡೀ ಉರಿಯುವುದಿಲ್ಲ, ಅದರ ಥರ್ಮೋಸ್ಟಾಟ್ ನೀರು ಬಿಸಿಯಾದ ಕೂಡಲೇ ಆರಿಸುತ್ತದೆ. ಎಷ್ಟು ಹೊತ್ತು ಉರಿಯಿತು ಅನ್ನುವುದು ಯಾವ ಲೇಬಲ್ಲಿನ ಮೇಲೂ ಇರುವುದಿಲ್ಲ. ಹೀಟರ್ ಇಲ್ಲದ ಟ್ಯಾಂಕಿಗೆ ಮಾತ್ರ ಈ ಲೆಕ್ಕ ಪರವಾಗಿಲ್ಲ.

ಎರಡನೆಯ ದಾರಿ ತೋರಿಸಿದ್ದು ಸೋದರಮಾವ. ಅವರು ಶಕ್ತಿನಗರದ ಥರ್ಮಲ್ ಸ್ಟೇಷನ್‌ನಲ್ಲಿದ್ದವರು. "ಗ್ವಾಡಿ ಮೀಟರಿನ ಕೆಂಪು ದೀಪ ಎಣಸು ಅಳಿಯಾ, ಅದು ಸುಳ್ಳ ಹೇಳಂಗಿಲ್ಲ" ಅಂದರು. ನಮ್ಮ ಮೀಟರಿನ ಮೇಲೆ ಒಂದು ಯೂನಿಟ್‌ಗೆ 3200 ಮಿನುಗು ಅಂತ ಬರೆದಿದೆ. ಹಾಗಿದ್ದರೆ ಎರಡು ಮಿನುಗಿನ ನಡುವೆ ಎಷ್ಟು ಸೆಕೆಂಡ್ ಅಂತ ನೋಡಿ, 1125 ಅನ್ನು ಅದರಿಂದ ಭಾಗಿಸಿದರೆ ವ್ಯಾಟ್ ಸಿಗುತ್ತದೆ. ನಿಮ್ಮ ಮೀಟರಿನಲ್ಲಿ 1600 ಅಂತ ಇದ್ದರೆ 2250 ಹಿಡಿಯಿರಿ. ಒಂದು ಪೈಸೆ ಖರ್ಚಿಲ್ಲ.

ಒಂದು ರಾತ್ರಿ ಮನೆಯ ಎಲ್ಲಾ ಸ್ವಿಚ್ ಆರಿಸಿ, ಫ್ರಿಜ್ ಪ್ಲಗ್ ಕಿತ್ತು, ಫಿಲ್ಟರ್ ಮತ್ತು ಏರ್ ಪಂಪ್ ಮಾತ್ರ ಬಿಟ್ಟೆ. 26 ಸೆಕೆಂಡಿಗೆ ಒಂದು ಮಿನುಗು. ಅಂದರೆ 43 ವ್ಯಾಟ್! ಲೇಬಲ್ಲಿನಲ್ಲೇ 20 ಇರುವಾಗ 43 ಹೇಗೆ ಅಂತ ಸುಮಾರು ಹೊತ್ತು ತಲೆ ಕೆಡಿಸಿಕೊಂಡೆ. ಆಮೇಲೆ ಇನ್ವರ್ಟರ್ ನೆನಪಾಯಿತು. ಬ್ಯಾಟರಿ ತುಂಬಿದ್ದರೂ ಅದು ಸುಮ್ನೆ ಕೂತು ಕರೆಂಟ್ ಎಳೆಯುತ್ತಿರುತ್ತದೆ. ಅದರ ಸ್ವಿಚ್ಚನ್ನೂ ಆರಿಸಿದ ಮೇಲೆ ಮಿನುಗು 80 ಸೆಕೆಂಡಿಗೆ ಒಂದಕ್ಕೆ ಇಳಿಯಿತು, ಅಂದರೆ 14 ವ್ಯಾಟ್. ಟ್ಯಾಂಕಿನ ಎರಡರಷ್ಟು ಕರೆಂಟನ್ನು ಇನ್ವರ್ಟರ್ ಒಂದೇ ತಿನ್ನುತ್ತಿತ್ತು. ಈ ವಿಷಯ ತಿಳಿದಿದ್ದು ಗೋಡೆ ಮೀಟರಿನಿಂದಲೇ, ಅದಕ್ಕೆ ನಾನು ಋಣಿ. ಆದರೆ ಹೀಟರ್ ಅಳೆಯಬೇಕಾದರೆ ಇಡೀ ದಿನ ಮನೆ ಆರಿಸಿ ಕೂರಬೇಕು. ಆಗುವ ಮಾತಲ್ಲ ಅಲ್ವಾ?

ಹಾಗಾಗಿ ಸ್ಮಾರ್ಟ್ ಪ್ಲಗ್ ತರಿಸಿದೆ. ಸಾವಿರ ರೂಪಾಯಿ. ಫೋನಿನಲ್ಲಿ ದಿನದ ಲೆಕ್ಕ, ವಾರದ ಗ್ರಾಫ್ ಎಲ್ಲಾ ಬರುತ್ತದೆ. ಟ್ಯಾಂಕಿನ ಎಕ್ಸ್‌ಟೆನ್ಷನ್ ಬಾಕ್ಸನ್ನೇ ಅದಕ್ಕೆ ಸಿಗಿಸಿದೆ. ಮೂರು ದಿನ ಖುಷಿಯಾಗಿದ್ದೆ.

ನಾಲ್ಕನೆಯ ರಾತ್ರಿ ಕರೆಂಟ್ ಹೋಯಿತು, ಅರ್ಧ ಗಂಟೆಯಲ್ಲಿ ಬಂತು. ಇದು ನಮಗೆ ಹೊಸದಲ್ಲ. ಟ್ಯಾಂಕ್ ಇನ್ವರ್ಟರ್ ಲೈನಿನಲ್ಲಿಲ್ಲ, ಆದರೂ ಅರ್ಧ ಗಂಟೆಗೆ ಮೀನಿಗೆ ಏನೂ ಆಗುವುದಿಲ್ಲ. ಕರೆಂಟ್ ಬಂದ ಕೂಡಲೇ ಫಿಲ್ಟರ್ ತಾನೇ ಶುರುವಾಗುತ್ತದೆ. ಅದೇ ನಂಬಿಕೆಯಲ್ಲಿ ಮಲಗಿದೆ. ಬೆಳಿಗ್ಗೆ ಆರಕ್ಕೆ ಎದ್ದು ನೋಡಿದರೆ ಟ್ಯಾಂಕಿನಲ್ಲಿ ಸದ್ದೇ ಇಲ್ಲ. ಮೀನುಗಳೆಲ್ಲ ಮೇಲೆ ಬಂದು ಬಾಯಿ ತೆರೆದು ಗಾಳಿ ಹುಡುಕುತ್ತಿದ್ದವು. ನೀರು ತಣ್ಣಗಾಗಿತ್ತು. ಕರೆಂಟ್ ವಾಪಸ್ ಬಂದರೂ ಪ್ಲಗ್ ಆಫ್ ಆಗಿಯೇ ಉಳಿದಿತ್ತು.

ಕೈ ನಡುಗುತ್ತಲೇ ಬಾಕ್ಸ್ ಕಿತ್ತು ನೇರವಾಗಿ ಗೋಡೆಗೆ ಸಿಗಿಸಿದೆ. ಮೂರು ಮೋಲಿ ಸತ್ತವು. ಅದರಲ್ಲಿ ಒಂದು ಮರಿ ಹಾಕುವ ಹಂತದಲ್ಲಿತ್ತು. ಉಳಿದವು ಬದುಕಿದರೂ ಅಪಾಯ ಅಲ್ಲಿಗೇ ಮುಗಿಯಲಿಲ್ಲ. ಫಿಲ್ಟರಿನ ಸ್ಪಂಜಿನಲ್ಲಿ ಮೀನಿನ ಹೊಲಸನ್ನು ಕರಗಿಸುವ ಬ್ಯಾಕ್ಟೀರಿಯಾ ಇರುತ್ತವೆ. ನೀರು ಹರಿಯದೆ ಗಂಟೆಗಟ್ಟಲೆ ನಿಂತರೆ ಅವುಗಳಿಗೂ ಆಮ್ಲಜನಕ ಸಿಗುವುದಿಲ್ಲ, ಅವೂ ಸಾಯತೊಡಗುತ್ತವೆ. ಆಮೇಲೆ ಅಮೋನಿಯಾ ಏರುತ್ತದೆ. ವಾರವಿಡೀ ದಿನ ಬಿಟ್ಟು ದಿನ ಕಾಲುಭಾಗ ನೀರು ಬದಲಿಸಿದೆ, ಮೇವು ಅರ್ಧಕ್ಕೆ ಇಳಿಸಿದೆ.

ಆ್ಯಪ್ ಒಳಗೆ ಹುಡುಕಿದಾಗ ಕಾರಣ ಸಿಕ್ಕಿತು. ಕರೆಂಟ್ ಬಂದ ಮೇಲೆ ಪ್ಲಗ್ ಏನು ಮಾಡಬೇಕು ಅನ್ನುವುದಕ್ಕೆ ಒಂದು ಸೆಟ್ಟಿಂಗ್ ಇದೆ: ಆನ್, ಆಫ್, ಇಲ್ಲವೇ ಮೊದಲು ಹೇಗಿತ್ತೋ ಹಾಗೆ. ನನ್ನದರಲ್ಲಿ ಬರುವಾಗಲೇ ಆಫ್ ಇತ್ತು. ನೀವು ಈಗಾಗಲೇ ಟ್ಯಾಂಕಿಗೆ ಸ್ಮಾರ್ಟ್ ಪ್ಲಗ್ ಹಾಕಿದ್ದರೆ ಇವತ್ತೇ ಅದನ್ನು ನೋಡಿ, ದಯವಿಟ್ಟು. ಬದಲಿಸಿದ ಮೇಲೆ ಮೇನ್ ಸ್ವಿಚ್ ಆರಿಸಿ ಹಾಕಿ ಪರೀಕ್ಷೆ ಮಾಡಿ. ನಾನಂತೂ ಆ ಪ್ಲಗ್ಗನ್ನು ಪಡಸಾಲೆಯ ಲೈಟಿಗೆ ಹಾಕಿದೆ. ಜೀವ ಇರುವ ಕಡೆ ಅದು ಬೇಡ.

ಕೊನೆಗೆ ಬಂದಿದ್ದು ವ್ಯಾಟ್ ಮೀಟರ್. ವೈಫೈ ಇಲ್ಲ, ಆ್ಯಪ್ ಇಲ್ಲ, ತಾನಾಗಿ ಆಫ್ ಮಾಡುವ ಬಟನ್ನೂ ಇಲ್ಲ. ಕರೆಂಟ್ ಬಂದರೆ ಟ್ಯಾಂಕಿಗೂ ಬಂತು. ಕರೆಂಟ್ ಹೋದರೂ ಅದುವರೆಗಿನ ಯೂನಿಟ್ ಲೆಕ್ಕ ಅಳಿಯುವುದಿಲ್ಲ. ಕೊಳ್ಳುವ ಮುಂಚೆ ಇದನ್ನು ಕೇಳಿಕೊಳ್ಳಿ, ನಮ್ಮ ಕಡೆ ಇದು ಬಹಳ ಮುಖ್ಯ. ಪಿನ್ ದಪ್ಪ, 16 ಆಂಪ್‌ನದು. ಪಡಸಾಲೆಯಲ್ಲಿ ಅಂಥ ಸಾಕೆಟ್ ಇಲ್ಲದೆ ಒಂದು ಹಾಕಿಸಬೇಕಾಯಿತು. ಏರ್ ಪಂಪ್ ಒಂದನ್ನೇ ಹಾಕಿದರೆ ಸೊನ್ನೆ ತೋರಿಸುತ್ತದೆ. ಫಿಲ್ಟರ್ ಜೊತೆ ಹಾಕಿ ಕಳೆದರೆ ಗೊತ್ತಾಗುತ್ತದೆ: ಫಿಲ್ಟರ್ 11, ಪಂಪ್ 3. ಗೋಡೆ ಮೀಟರ್ ಹೇಳಿದ 14ಕ್ಕೇ ತಾಳೆಯಾಯಿತು. ಲೈಟ್ 14 ವ್ಯಾಟ್. ಇವು ಮೂರಕ್ಕೂ ತಿಂಗಳಿಗೆ ಸುಮಾರು 14 ಯೂನಿಟ್. ಎಲ್ಲಾ ಸೇರಿ ಯೂನಿಟ್‌ಗೆ 7 ರೂಪಾಯಿ ಅಂತ ಹಿಡಿದರೂ ನೂರು ರೂಪಾಯಿ ಒಳಗೇ.

ಹೀಟರನ್ನು ಪೂರ್ತಿ 24 ಗಂಟೆ ಬಿಟ್ಟು ನೋಡಿದೆ. 28 ಡಿಗ್ರಿಗೆ ಇಟ್ಟಾಗ ದಿನಕ್ಕೆ 0.7 ಯೂನಿಟ್, ತಿಂಗಳಿಗೆ 21. ಹದಿನಾಲ್ಕಕ್ಕೆ ಇಪ್ಪತ್ತೊಂದು ಸೇರಿಸಿದರೆ 35, ಬಿಲ್ಲಿನಲ್ಲಿ ಏರಿದ್ದೂ ಅಷ್ಟೇ. ಅವ್ವ ಹೇಳಿದ್ದು ನಿಜವೇ ಆಗಿತ್ತು. ಗಪ್ಪಿ, ಮೋಲಿಗೆ 25 ಡಿಗ್ರಿ ಸಾಕು, ಅಷ್ಟಕ್ಕೆ ಇಳಿಸಿದೆ. ಟ್ಯಾಂಕಿನ ಮೇಲೆ ಗಾಜಿನ ಮುಚ್ಚಳ ಹಾಕಿಸಿದೆ, ಅಂಚಿನಲ್ಲಿ ಗಾಳಿಗೆ ಸ್ವಲ್ಪ ಜಾಗ ಬಿಟ್ಟು. ನೀರು ಆವಿಯಾಗುವಾಗ ಬಿಸಿಯನ್ನೂ ಹೊತ್ತೊಯ್ಯುತ್ತದೆ, ಮುಚ್ಚಳ ಅದನ್ನು ತಡೆಯಿತು. ಮಾರನೆಯ ದಿನದ ಲೆಕ್ಕ 0.3. ಬದಲಾವಣೆ ಮಾಡಿದ ಮರುದಿನವೇ ಫಲ ಅಂಕಿಯಲ್ಲಿ ಕಾಣುತ್ತದೆ. ಇದಕ್ಕೇ ನನಗೆ ಈ ಡಬ್ಬಿ ಇಷ್ಟ.

ಒಂದು ಎಚ್ಚರಿಕೆ. ಯಾವ ಮೀಟರ್ ಹಾಕಿದರೂ ವೈರನ್ನು ಸಾಕೆಟ್‌ಗಿಂತ ಕೆಳಗೆ ಇಳಿಬಿಟ್ಟು ಮೇಲೆ ತಂದು ಸಿಗಿಸಿ. ವೈರ್ ಹಿಡಿದು ಇಳಿಯುವ ನೀರು ಆಗ ಕೆಳಗೇ ತೊಟ್ಟಿಕ್ಕುತ್ತದೆ.

ತಿಂಗಳಿಗೆ ಬಿಲ್ 200 ಯೂನಿಟ್ ಹತ್ತಿರ ಬಾರದ ಮನೆಯಾದರೆ, ಹೀಟರೂ ಇಲ್ಲದಿದ್ದರೆ, ಲೇಬಲ್ ಲೆಕ್ಕವೇ ಸಾಕು, ದುಡ್ಡು ಹಾಕಬೇಡಿ. ನಮ್ಮಂತೆ ಅಂಚಿನಲ್ಲಿ ಇರುವವರಿಗೆ 850 ರೂಪಾಯಿ ಒಂದೇ ತಿಂಗಳಲ್ಲಿ ವಾಪಸ್ ಬರುತ್ತದೆ. ನಮ್ಮ ಮುಂದಿನ ಬಿಲ್ 194 ಯೂನಿಟ್ ಬಂತು. ಈಗ ಹೀಟರ್ ತೆಗೆದಿಟ್ಟಿದ್ದೇನೆ. ಬೇಸಿಗೆಯಲ್ಲಿ ನೀರು ಕಾಯದಂತೆ ಮುಚ್ಚಳ ತೆಗೆದು ಸಣ್ಣ ಫ್ಯಾನ್ ಬೀಸಬೇಕು. ಅದು ಎಷ್ಟು ತಿನ್ನುತ್ತದೆ ಅಂತ ಏಪ್ರಿಲ್‌ನಲ್ಲಿ ಅಳೆಯಬೇಕು. ಅವ್ವ ಈಗಲೇ ದಿನಾ ಬೆಳಿಗ್ಗೆ ಪರದೆ ನೋಡಿ ಅಂಕಿ ಹೇಳುತ್ತಾಳೆ.