ಕಾಜುಬಾಗ, ಸದಾಶಿವಗಡ, ಶಿರಸಿ: ಕೆಲಸ ಹೋದ ವರ್ಷದ ಮೂರು ಬಾಡಿಗೆ ಮನೆ

ನನ್ನ ಕೆಲಸ ಹೋಗಿದ್ದು 2024ರ ಮೇ ಕೊನೆಗೆ. ಕಾರವಾರದ ಒಂದು ಖಾಸಗಿ ಆಫೀಸಿನಲ್ಲಿ ಬಿಲ್ಲು, ಲೆಕ್ಕಪತ್ರ ನೋಡುತ್ತಿದ್ದೆ. ಸಂಬಳ 24 ಸಾವಿರ. ಅವರ ಗುತ್ತಿಗೆ ಮುಗಿಯಿತು, ಆಫೀಸಿಗೆ ಬೀಗ ಬಿತ್ತು. ಅಲ್ಲಿಂದ ಒಂದು ವರ್ಷದೊಳಗೆ ನಾನು, ಹೆಂಡತಿ, ಆರನೇ ಕ್ಲಾಸಿನ ಮಗ, ಒಂದು ಹೊಲಿಗೆ ಮಷಿನ್ ಸೇರಿ ಮೂರು ಮನೆ ನೋಡಿದೆವು. ಯಾವ ಮನೆ ನಿಜಕ್ಕೂ ಕಡಿಮೆಗೆ ಬಿತ್ತು ಅನ್ನುವುದನ್ನು ಬರೆಯುತ್ತೇನೆ. ಬಾಡಿಗೆ ಚೀಟಿ ನೋಡಿದರೆ ಶಿರಸಿ. ನನ್ನ ಡೈರಿ ನೋಡಿದರೆ ಅಲ್ಲ.

ಮೊದಲು ಕಾರವಾರದ ಕಾಜುಬಾಗದಲ್ಲಿದ್ದ ಫ್ಲ್ಯಾಟು. ಎರಡು ಬೆಡ್‌ರೂಮು, ಬಾಡಿಗೆ 9,500, ಮೇಲಿಂದ ಮೆಂಟೇನೆನ್ಸ್ 600. ಎಲ್ಲರೂ ಹೇಳುವ ಹಾಗೆ ನಾನೂ ಮೊದಲು ಕೇಳಿದ್ದು "ಸ್ವಲ್ಪ ಕಡಿಮೆ ಮಾಡ್ತೀರಾ" ಅಂತ. ಮಾಲೀಕರು ಎರಡು ತಿಂಗಳಿಗೆ ಸಾವಿರ ರೂಪಾಯಿ ಬಿಟ್ಟರು. ಕೇಳಿದ್ದಕ್ಕೆ ಬಂತು, ಕೇಳದಿದ್ದರೆ ಅದೂ ಇಲ್ಲ. ಈ ಮನೆಯ ಒಳ್ಳೇದು ಅಂದರೆ ಗೃಹಜ್ಯೋತಿ. ನಮ್ಮ ಬಳಕೆ ತಿಂಗಳಿಗೆ 100 ಯೂನಿಟ್ ಆಸುಪಾಸು, ಹಾಗಾಗಿ ಕರೆಂಟ್ ಬಿಲ್ಲು ಸೊನ್ನೆ. ಪೇಟೆಗೆ ನಡೆದೇ ಹೋಗಬಹುದು. ಹೆಂಡತಿಗೆ ಬ್ಲೌಸ್ ಕೊಡುವ ಗಿರಾಕಿಗಳೆಲ್ಲ ಅಕ್ಕಪಕ್ಕದ ಬಿಲ್ಡಿಂಗಿನವರೇ. ತಿಂಗಳಿಗೆ ಐದು ಸಾವಿರ ಅವಳ ದುಡಿಮೆ. ಆಗ ನಾನು ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ದೊಡ್ಡ ತಪ್ಪು, ಮುಂದೆ ಬರುತ್ತೆ.

ಆದರೆ ಆ ಮನೆಯಲ್ಲಿ ಕೆಲಸ ಇಲ್ಲದೆ ಇರುವುದು ಕಷ್ಟ. ಬೆಳಿಗ್ಗೆ ಒಂಬತ್ತೂವರೆಗೆ ಲಿಫ್ಟಿನ ಹತ್ತಿರ ಎಲ್ಲರೂ ಬ್ಯಾಗು ಹಿಡಿದು ನಿಂತಿರುತ್ತಾರೆ. ನಾನೂ ಇಸ್ತ್ರಿ ಶರ್ಟು ಹಾಕಿ, ಡಬ್ಬಿ ಹಿಡಿದು ಇಳಿಯುತ್ತಿದ್ದೆ. ಹನ್ನೊಂದು ದಿನ ಹಾಗೆ ಮಾಡಿದೆ. ಹೋಗಿ ಕೂರುತ್ತಿದ್ದುದು ಟಾಗೋರ್ ಬೀಚಿನಲ್ಲಿ, ಚಾಪಲ್ ಯುದ್ಧನೌಕೆ ನಿಲ್ಲಿಸಿದ್ದಾರಲ್ಲ, ಅದರ ಆಚೆ. ಹನ್ನೆರಡನೇ ದಿನ ಜೋರು ಮಳೆ. ಕೂರಲು ಜಾಗ ಇಲ್ಲ, ಒದ್ದೆಯಾಗಿ ವಾಪಸ್ ಬಂದೆ. ಹೆಂಡತಿ ಟವಲ್ ಕೊಟ್ಟು, "ಡಬ್ಬಿ ಇಲ್ಲೇ ಉಣ್ಣಿ" ಅಂದಳು. ಅವಳಿಗೆ ಮೊದಲ ದಿನವೇ ಗೊತ್ತಿತ್ತಂತೆ.

ದುಡ್ಡಿನ ವಿಷಯ ಇಲ್ಲೇ ಮುಗಿಸುತ್ತೇನೆ. ಇಎಸ್‌ಐ, ಅಂದರೆ ನೌಕರರ ವಿಮೆ, ಇದ್ದವರಿಗೆ ಕೆಲಸ ಹೋದಾಗ 90 ದಿನದವರೆಗೆ ಸರಾಸರಿ ಕೂಲಿಯ ಅರ್ಧ ಸಿಗುವ ಯೋಜನೆ ಆಗ ಇತ್ತು, ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಅಂತ. ಆದರೆ ಆಗ ಇಎಸ್‌ಐ ಮಿತಿ 21 ಸಾವಿರ ಸಂಬಳ. ಮೂರು ಸಾವಿರ ಜಾಸ್ತಿ ಸಂಬಳ ಅಂತ ಬೀಗುತ್ತಿದ್ದವನು ನಾನು, ನೋಡಿ. ಯುವನಿಧಿ ಹೊಸದಾಗಿ ಪಾಸಾದ ಹುಡುಗರಿಗೆ, ನಲವತ್ತೊಂದು ವರ್ಷದವನಿಗಲ್ಲ. ಉಳಿದದ್ದು ಪಿಎಫ್. ಆಗಿನ ನಿಯಮದಲ್ಲಿ ಕೆಲಸ ಬಿಟ್ಟು ಒಂದು ತಿಂಗಳಾದರೆ 75 ಪರ್ಸೆಂಟ್ ತೆಗೆಯಬಹುದಿತ್ತು. ಅದನ್ನೇ ತೆಗೆದೆ.

ಜುಲೈಯಲ್ಲಿ 11 ತಿಂಗಳ ಕರಾರು ಮುಗಿಯಿತು, ಬಿಟ್ಟೆವು. ಡಿಪಾಸಿಟ್ 50 ಸಾವಿರ ಇತ್ತು, ಕೈಗೆ ಬಂದದ್ದು 38. ಪೇಂಟಿಂಗ್ 9,500, ನಲ್ಲಿ ರಿಪೇರಿ 2,500 ಮುರಿದುಕೊಂಡರು. ಕರಾರಿನಲ್ಲಿ ಪೇಂಟಿಂಗ್ ಸಾಲು ಇತ್ತು, ಸಹಿ ಹಾಕುವಾಗ ನಾನು ಓದಿರಲಿಲ್ಲ. ಗೃಹಜ್ಯೋತಿಯಲ್ಲಿ ಹಳೇ ಮನೆಯ ಆರ್‌ಆರ್ ನಂಬರಿನಿಂದ ಆಧಾರ್ ಬಿಡಿಸಿಕೊಳ್ಳುವುದನ್ನು ಮಾತ್ರ ಮರೆಯಲಿಲ್ಲ. ಬಿಡಿಸದಿದ್ದರೆ ಹೊಸ ಮನೆಗೆ ಅರ್ಜಿ ಹಾಕಲು ಬರುವುದಿಲ್ಲ.

ಎರಡನೆಯದು ಸದಾಶಿವಗಡ. ಕಾಳಿ ಸೇತುವೆ ದಾಟಿದರೆ ಆಚೆ ದಡ, ಕಾರವಾರ ಪೇಟೆ ಎದುರಿಗೇ ಕಾಣುತ್ತದೆ. ಹಳೇ ಹಂಚಿನ ಮನೆ, ಅರ್ಧ ಭಾಗ ಮನೆಯೊಡತಿಯದು, ಅವರನ್ನು ಮಾವಶಿ ಅನ್ನುತ್ತೇವೆ, ಅರ್ಧ ನಮ್ಮದು. ಬಾಡಿಗೆ 4,500, ಡಿಪಾಸಿಟ್ 15 ಸಾವಿರ. ಮಾವಶಿ ಕೇಳಿದ್ದು ಒಂದೇ ಪ್ರಶ್ನೆ: "ಗಂಡಸು ಕುಡಿಯೋದಿಲ್ಲ ಅಲ್ವಾ?" ಕೆಲಸ ಏನು ಅಂತ ಕೇಳಲೇ ಇಲ್ಲ. ನಾನೇ ಹೇಳಿದೆ, ಸದ್ಯ ಇಲ್ಲ ಅಂತ. "ಹೋಗಲಿ ಬಾಬಾ, ಮಳೆಗಾಲದಲ್ಲಿ ಯಾರಿಗಿದೆ ಕೆಲಸ" ಅಂದರು. ಅವರದು ಮೀನುಗಾರರ ಮನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗೆ ನಿಷೇಧ. ಆ ಓಣಿಯಲ್ಲಿ ಎರಡು ತಿಂಗಳು ಮನೆಯಲ್ಲಿ ಕೂರುವುದು ಯಾರಿಗೂ ನಾಚಿಕೆಯ ವಿಷಯ ಅಲ್ಲ. ನನಗೆ ಅರ್ಧ ಭಾರ ಇಳಿದದ್ದು ಅಲ್ಲೇ.

ತೊಂದರೆ ಇಲ್ಲ ಅಂತಲ್ಲ. ನಡು ಮಳೆಯಲ್ಲಿ ಹಂಚಿನ ಮನೆಗೆ ಹೋಗಬಾರದು, ನಾವು ಹೋದೆವು. ಮೊದಲ ರಾತ್ರಿ ಮೂರು ಕಡೆ ಸೋರಿತು. ಎರಡಕ್ಕೆ ಬಕೆಟ್, ಒಂದಕ್ಕೆ ಇಡ್ಲಿ ಪಾತ್ರೆ. ಬೆಳಗಿನ ತನಕ ಮೂರು ಬೇರೆ ಬೇರೆ ಸದ್ದು. ಹೊಲಿಗೆ ಮಷಿನ್ನಿಗೆ ಪ್ಲಾಸ್ಟಿಕ್ ಸುತ್ತಿ, ಅದರ ಮೇಲೆ ನನ್ನ ರೇನ್‌ಕೋಟ್ ಹೊದಿಸಿ ಮಲಗಿದೆವು. ಇನ್ನೊಂದು, ಇಡೀ ಮನೆಗೆ ಮೀಟರ್ ಒಂದೇ, ಅದು ಮಾವಶಿ ಹೆಸರಲ್ಲಿ. ನಮಗೆ ಸಬ್‌ಮೀಟರ್, ಯೂನಿಟ್ಟಿಗೆ 8 ರೂಪಾಯಿ. ಕಾಜುಬಾಗದಲ್ಲಿ ಸೊನ್ನೆ ಇದ್ದದ್ದು ಇಲ್ಲಿ 720. ಮಾರ್ಚ್ ದಾಟಿದರೆ ಬಾವಿ ನೀರು ಸವುಳು, ಬೇಳೆ ಬೇಯುವುದಿಲ್ಲ.

ಬಸ್ಸಿನ ಲೆಕ್ಕ ಮಜಾ ಇದೆ. ಶಕ್ತಿ ಯೋಜನೆ ಇರುವುದರಿಂದ ಹೆಂಡತಿಗೆ ಕಾರವಾರದ ಸರ್ಕಾರಿ ಬಸ್ಸು ಪುಕ್ಕಟೆ. ಹಾಗಾಗಿ ಬ್ಲೌಸ್ ಕೊಡುವುದು, ತರಕಾರಿ, ಬ್ಯಾಂಕು, ಎಲ್ಲ ಪೇಟೆ ಕೆಲಸ ಅವಳ ಪಾಲಿಗೆ. ನಾನು ಇಂಟರ್‌ವ್ಯೂ ಇದ್ದರೆ ಮಾತ್ರ ದಾಟುತ್ತಿದ್ದೆ. ಆದರೂ ನನ್ನದು ತಿಂಗಳಿಗೆ 900 ಆಗುತ್ತಿತ್ತು. ಎಲ್ಲ ಕೂಡಿಸಿದರೆ 6,120. ಕಾಜುಬಾಗದ 9,100ಕ್ಕೆ ಹೋಲಿಸಿದರೆ ಮೂರು ಸಾವಿರ ಉಳಿತಾಯ, ಗಿರಾಕಿಗಳೂ ಕೈ ತಪ್ಪಲಿಲ್ಲ.

ಒಂದು ಇಂಟರ್‌ವ್ಯೂ ಇದ್ದದ್ದು ಆಗಸ್ಟ್ 7ಕ್ಕೆ. ಆ ದಿನ ರಾತ್ರಿ ಒಂದು ಗಂಟೆ ಸುಮಾರಿಗೆ ಕಾಳಿ ನದಿಯ ಹಳೇ ಸೇತುವೆ ಒಂದು ಲಾರಿ ಸಮೇತ ಬಿದ್ದುಹೋಯಿತು. ಬೆಳಿಗ್ಗೆ ಶರ್ಟಿಗೆ ಇಸ್ತ್ರಿ ಹಾಕಿಕೊಂಡು ಹೊರಗೆ ಬಂದರೆ ಓಣಿ ತುಂಬ ಜನ. ಹೊಳೆ ಕಡೆ ಹೋಗಿ ನೋಡಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ದಾಟುತ್ತಿದ್ದ ರಸ್ತೆ ನೀರಿನಲ್ಲಿ ತುಂಡು ತುಂಡಾಗಿ ನಿಂತಿತ್ತು. ಪಕ್ಕದ ಹೊಸ ಸೇತುವೆ ಉಳಿದಿತ್ತು, ಆಮೇಲೆ ಎರಡೂ ಕಡೆಯ ವಾಹನ ಅದರ ಮೇಲೇ. ಆ ದಿನ ನನಗೆ ದಾಟಲು ಆಗಲಿಲ್ಲ. ಫೋನ್ ಮಾಡಿದೆ, ಇನ್ನೊಂದು ದಿನ ಕರೆಯುತ್ತೇವೆ ಅಂದರು, ಕರೆಯಲಿಲ್ಲ. ಸೇತುವೆ ಬೀಳದಿದ್ದರೂ ಕರೆಯುತ್ತಿರಲಿಲ್ಲವೋ ಏನೋ. ಆದರೆ ನನಗೆ ತಲೆ ಕೆಟ್ಟಿತು. ಈ ಆಚೆ ದಡದ ಸಹವಾಸವೇ ಬೇಡ ಅನ್ನಿಸಿತು.

ಆಗ ಬಂದದ್ದು ಶಿರಸಿಯ ಮಾತು. ಅಡಿಕೆ ದಾಸ್ತಾನು ಮಾಡುವ ವಖಾರಿಯೊಂದರಲ್ಲಿ ಲೆಕ್ಕ ಬರೆಯಲು ಜನ ಬೇಕು, ಸುಗ್ಗಿ ಮುಗಿಯುವ ತನಕ, ತಿಂಗಳಿಗೆ 12 ಸಾವಿರ. ಪೇಟೆಯಿಂದ 9 ಕಿಲೋಮೀಟರ್ ದೂರ, ತೋಟದ ಮನೆಯವರ ಹಿಂದಿನ ಸಣ್ಣ ಮನೆ ಖಾಲಿ ಇದೆ, ಬಾಡಿಗೆ 2,500, ಡಿಪಾಸಿಟ್ ಇಲ್ಲ. ಯಾರಾದರೂ ಬೇಡ ಅನ್ನುತ್ತಾರಾ? ದಸರಾ ರಜೆಯಲ್ಲಿ ಮಗನ ಟಿಸಿ ತೆಗೆಸಿ ಹೊರಟೆವು. ಟೆಂಪೋ, ಹಮಾಲಿ ಸೇರಿ 8,500.

ಇರುವುದಕ್ಕೆ ಶಿರಸಿಯಷ್ಟು ಸುಖ ಎರಡೂ ಕಡೆ ಇರಲಿಲ್ಲ, ಅದನ್ನು ಒಪ್ಪಬೇಕು. ಗುಡ್ಡದಿಂದ ಪೈಪಿನಲ್ಲಿ ತಾನೇ ಇಳಿದು ಬರುವ ನೀರು, ಪಂಪು ಬೇಡ. ಹಂಡೆ ಒಲೆಗೆ ಅಡಿಕೆ ಸೋಗೆ, ತೆಂಗಿನ ಗರಿ. ಗ್ಯಾಸ್ ಎರಡು ಪಟ್ಟು ದಿನ ಬಂತು. ಬಾಳೆಕಾಯಿ, ಬಸಳೆ, ಮಜ್ಜಿಗೆ ಕೇಳದೆ ಬರುತ್ತಿತ್ತು. ಆ ಮನೆಗೆ ಬೇರೆ ಮೀಟರ್. ಹೊಸ ಬಾಡಿಗೆದಾರರಿಗೆ ಹಳೇ ಬಳಕೆಯ ಲೆಕ್ಕ ಇಲ್ಲದಿದ್ದರೆ 58 ಯೂನಿಟ್ ತನಕ ಪುಕ್ಕಟೆ. ಫ್ಯಾನೇ ಬೇಡದ ಊರಲ್ಲಿ ಅಷ್ಟು ಸಾಕಾಯಿತು. ರೇಷನ್ನಿಗೂ ತೊಂದರೆ ಆಗಲಿಲ್ಲ, ಬೆರಳು ಕೊಟ್ಟು ಅಲ್ಲಿಯ ಅಂಗಡಿಯಲ್ಲೇ ಅಕ್ಕಿ ತಂದೆವು.

ರಾತ್ರಿ ಊಟ ಆದ ಮೇಲೆ ಯಜಮಾನರ ಅಂಗಳದಲ್ಲಿ ಅಡಿಕೆ ಸುಲಿಯಲು ಕೂರುತ್ತಿದ್ದೆವು. ಮೆಟ್ಟುಗತ್ತಿಯನ್ನು ಕಾಲಡಿ ಹಿಡಿದು, ಕಾಯಿಯನ್ನು ಅಲಗಿಗೆ ಒತ್ತಿ ತಿರುಗಿಸಬೇಕು, ಎರಡು ಏಟಿಗೆ ಸಿಪ್ಪೆ ಬೇರೆ. ಅಲ್ಲಿಯ ಹೆಂಗಸರು ಮಾತಾಡುತ್ತ, ಕೈ ನೋಡದೆ ಸುಲಿಯುತ್ತಾರೆ. ನಾನು ನೋಡಿಕೊಂಡೇ ಎರಡು ಬೆರಳು ಕೊಯ್ದುಕೊಂಡೆ. ಅಡಿಕೆ ಚೊಗರಿಗೆ ಉಗುರು ಕಪ್ಪಾಗಿ ವಾರಗಟ್ಟಲೆ ಹೋಗುವುದಿಲ್ಲ. "ತಮಾ, ನೀ ಲೆಕ್ಕ ಬರಿ ಸಾಕು" ಅಂತ ಯಜಮಾನರು ನಕ್ಕರು. ಮಗ ನನಗಿಂತ ಚೆನ್ನಾಗಿ ಕಲಿತ.

ಮೀನಿಲ್ಲ. ಮೊದಲೇ ಹೇಳಿದ್ದರು, ಆ ಆವರಣದಲ್ಲಿ ಮೀನು, ಮೊಟ್ಟೆ ಮಾಡುವ ಹಾಗಿಲ್ಲ. ಅವರ ಮನೆ, ಅವರ ಕಟ್ಟು, ನನಗೆ ತಕರಾರಿಲ್ಲ. ಆದರೆ ತಿಸ್ರೆ (ಚಿಪ್ಪುಮೀನು) ತಿಂದು ಬೆಳೆದ ಮಗ ಭಾನುವಾರ ಶಿರಸಿ ಪೇಟೆಗೆ ಹೋಗಿ ಮೀನೂಟ ಮಾಡೋಣ ಅಂದರೆ ಒಂದು ಸಲಕ್ಕೆ 400 ರೂಪಾಯಿ. ಪೆಟ್ರೋಲ್ ತಿಂಗಳಿಗೆ ಸಾವಿರ ದಾಟುತ್ತಿತ್ತು. ಇವೆಲ್ಲ ಸಣ್ಣದು. ದೊಡ್ಡ ಹೊಡೆತ ಹೊಲಿಗೆಗೆ. ಸುತ್ತ ನಾಲ್ಕೇ ಮನೆ, ಬಸ್ಸು ಬೆಳಿಗ್ಗೆ ಒಂದು, ಸಂಜೆ ಒಂದು. ಪುಕ್ಕಟೆ ಬಸ್ಸು ಇದ್ದರೇನು, ಹೋದರೆ ಇಡೀ ದಿನ ಹೋಯಿತು. ಅವಳ ಐದು ಸಾವಿರ ಹನ್ನೆರಡು ನೂರಕ್ಕೆ ಇಳಿಯಿತು. ಅವಳು ಏನೂ ಹೇಳಲಿಲ್ಲ. ಮಷಿನ್ ಮೇಲೆ ಸೊಪ್ಪು ಸೋಸಲು ಶುರು ಮಾಡಿದಾಗ ನನಗೆ ಅರ್ಥ ಆಯಿತು.

ಫೆಬ್ರವರಿಯಲ್ಲಿ ವಖಾರಿ ಕೆಲಸ ಮುಗಿಯಿತು. ಅಲ್ಲಿ ಕೂತು ಬೇರೆ ಕೆಲಸ ಹುಡುಕೋಣ ಅಂದರೆ ಕಾರವಾರ 118 ಕಿಲೋಮೀಟರ್, ಘಾಟಿ ಇಳಿಯಬೇಕು. ಒಂದು ಇಂಟರ್‌ವ್ಯೂಗೆ ಒಂದು ದಿನ, ಐನೂರು ರೂಪಾಯಿ. ಶಾಲೆ ಮುಗಿಯುವ ತನಕ ಕಾದು ಏಪ್ರಿಲ್‌ನಲ್ಲಿ ಮತ್ತೆ ಟೆಂಪೋ, ಮತ್ತೆ 8,500. ಸದಾಶಿವಗಡಕ್ಕಿಂತ ತಿಂಗಳಿಗೆ ಎರಡೂವರೆ ಸಾವಿರ ಉಳಿಸಿದೆ ಅಂದುಕೊಂಡಿದ್ದೆ. ಆರು ತಿಂಗಳಿಗೆ 15 ಸಾವಿರ. ಟೆಂಪೋಗೇ ಹೋದದ್ದು 17. ಹೊಲಿಗೆಯಲ್ಲಿ ಕಳೆದದ್ದು ಇನ್ನೂ 20ರ ಮೇಲೆ.

ಅಂಕೋಲೆಯಲ್ಲಿ ಭಾವನ ಮನೆಯಲ್ಲೂ ಹನ್ನೆರಡು ದಿನ ಇದ್ದೆವು, ಬಾಡಿಗೆ ಇಲ್ಲದೆ. ಅದನ್ನು ಹೋಲಿಕೆಗೆ ತರುವುದಿಲ್ಲ. ನೆಂಟಸ್ತಿಕೆ ಉಳಿದಿದೆ, ಅಷ್ಟು ಸಾಕು.

ಈಗ ನಾವು ಮತ್ತೆ ಸದಾಶಿವಗಡದಲ್ಲಿ, ಅದೇ ಮಾವಶಿಯ ಅರ್ಧ ಮನೆಯಲ್ಲಿ. ಕೆಲಸ ಸಿಕ್ಕಿದ್ದು ಗೋವಾದ ಕಾಣಕೋಣದಲ್ಲಿ, ಒಂದು ಹಾರ್ಡ್‌ವೇರ್ ಅಂಗಡಿಯ ಲೆಕ್ಕ, 18 ಸಾವಿರ. ಮಾಜಾಳಿ ದಾಟಿ ಹೋದರೆ ಆಯಿತು, ಸೇತುವೆ ದಾಟುವ ಕೆಲಸವೇ ಇಲ್ಲ. ಯಾವ ದಡ ಬೇಡ ಅಂತ ಓಡಿದ್ದೆನೋ ಅದೇ ದಡ ಕೆಲಸಕ್ಕೆ ಹತ್ತಿರ ಆಯಿತು. ಹೆಂಡತಿಯ ಹಳೇ ಗಿರಾಕಿಗಳಲ್ಲಿ ಅರ್ಧ ಜನ ವಾಪಸ್ ಬಂದಿದ್ದಾರೆ, ಉಳಿದವರು ಬೇರೆ ಟೈಲರ್ ಹಿಡಿದಿದ್ದಾರೆ.

ಮೇ ತಿಂಗಳಲ್ಲಿ ನಾನೂ ಮಾವಶಿಯ ಮಗನೂ ಮಾಡು ಹತ್ತಿ ಹಂಚು ಕೈಯಾಡಿಸಿದೆವು. 34 ಹಂಚು ಒಡೆದಿತ್ತು. ಹಂಚಿನ ದುಡ್ಡು ನನ್ನದು, ಅದಕ್ಕೆ ಮೂರು ತಿಂಗಳು ಬಾಡಿಗೆಯಲ್ಲಿ 300 ಕಡಿಮೆ ಅಂತ ಮಾತಾಯಿತು. ಈ ಸಲ ಕರಾರಿನ ಹಿಂದೆ ಅದನ್ನೂ ಬರೆಸಿ, ಎರಡು ಸಲ ಓದಿ, ಆಮೇಲೆ ಸಹಿ ಹಾಕಿದೆ. ಅಡುಗೆಮನೆ ಮೂಲೆಯಲ್ಲಿ ಒಂದು ಕಡೆ ಇನ್ನೂ ಸೋರುತ್ತದೆ. ಇಡ್ಲಿ ಪಾತ್ರೆ ಅಲ್ಲೇ ಇದೆ.